ಬ್ಯಾಟರಿ ಬಿಚ್ಚಿ ಮತ್ತೆ ಹಾಕಿದ ಮೇಲೆ ಸೆಲ್ಫ್ (ಇಂಜಿನ್ ಸ್ಟಾರ್ಟ್ ಮಾಡುವ ಮೋಟರ್) ತಿರುಗುತ್ತಿಲ್ಲ, ಬರೀ ‘ಟಕ್’ ಎನ್ನುತ್ತದೆ

ಕಡಲತಡಿ_ಕಾರು
ಎರಡು ದಿನದಿಂದ ತಲೆ ಕೆಟ್ಟುಹೋಗಿದೆ. ಭಾನುವಾರ ಮನೆಯಂಗಳದಲ್ಲೇ ಆಲ್ಟರ್ನೇಟರ್ (ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಇಳಿಸಿ ಬೇರಿಂಗ್ ಬದಲಾಯಿಸಿದೆ. ಬ್ಯಾಟರಿ ಬಿಚ್ಚಿಯೇ ಕೆಲಸಕ್ಕೆ ಕೈಹಾಕಿದ್ದು. ಎಲ್ಲವನ್ನೂ ಇದ್ದ ಹಾಗೆಯೇ ಜೋಡಿಸಿದ್ದೇನೆ. ಈಗ ಕೀ ತಿರುಗಿಸಿದರೆ ಒಂದೇ ಒಂದು ‘ಟಕ್’. ಹೆಡ್‌ಲೈಟ್ ಚೆನ್ನಾಗಿ ಉರಿಯುತ್ತದೆ, ಹಾರ್ನ್ ಕೂಗುತ್ತದೆ. ಬುಧವಾರ ಅಮ್ಮನನ್ನು ಕುಂದಾಪುರದಿಂದ ಮಣಿಪಾಲಕ್ಕೆ ತಪಾಸಣೆಗೆ ಕರೆದೊಯ್ಯಬೇಕು. ದಯವಿಟ್ಟು ಬೇಗ ತಿಳಿಸಿ.

ಹಳೇ_ಸ್ಪ್ಯಾನರ್
ಬ್ಯಾಟರಿ ಮುಗಿದಿದೆ. ಹೆಡ್‌ಲೈಟ್‌ಗೆ ಬೇಕಾಗುವುದು ಹತ್ತು ಆಂಪಿಯರ್ ಆಸುಪಾಸು, ಸೆಲ್ಫ್‌ಗೆ ನೂರಕ್ಕೂ ಹೆಚ್ಚು. ದೀಪ ಉರಿಯಿತೆಂದು ಬ್ಯಾಟರಿ ಸರಿಯಿದೆ ಎನ್ನಲಾಗದು. ಎಷ್ಟು ವರ್ಷದ್ದು?

ಕಡಲತಡಿ_ಕಾರು
ಎಂಟು ತಿಂಗಳಷ್ಟೇ ಆಗಿದೆ ಸರ್.

ಹಳೇ_ಸ್ಪ್ಯಾನರ್
ಹೊಸದೂ ಕೆಡುತ್ತದೆ. ಆಲ್ಟರ್ನೇಟರ್ ಬೇರಿಂಗ್ ಹೋಗಿತ್ತು ಎಂದರೆ ಚಾರ್ಜಿಂಗ್ ಸರಿ ಇದ್ದಿರಲಾರದು. ಅಂಗಡಿಗೆ ಒಯ್ದು ಲೋಡ್ ಟೆಸ್ಟ್ (ಹೆಚ್ಚು ಕರೆಂಟ್ ಎಳೆದು ನೋಡುವ ಪರೀಕ್ಷೆ) ಮಾಡಿಸಿ.

ಘಟ್ಟದ_ಸವಾರ
ಅದಕ್ಕೆ ಮೊದಲು ಒಂದು ಮಾತು. ಯಾವ ಟರ್ಮಿನಲ್ ಮೊದಲು ಬಿಚ್ಚಿದಿರಿ? ಮೈನಸ್ ಮೊದಲು, ಪ್ಲಸ್ ನಂತರ. ಹಾಕುವಾಗ ಪ್ಲಸ್ ಮೊದಲು, ಮೈನಸ್ ಕೊನೆಗೆ. ಕಾರಿನ ಬಾಡಿಯೆಲ್ಲ ಮೈನಸ್. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಬಾನೆಟ್ ಅಂಚಿಗೆ ತಾಗಿದರೆ ನೇರ ಶಾರ್ಟ್. ಬ್ಯಾಟರಿ ಸುತ್ತ ಹೈಡ್ರೋಜನ್ ಇದ್ದರೆ ಆ ಕಿಡಿಯೇ ಸಾಕು.

ಹಳೇ_ಸ್ಪ್ಯಾನರ್
ಮೂವತ್ತು ವರ್ಷದಿಂದ ಪ್ಲಸ್ ಅನ್ನೇ ಮೊದಲು ಬಿಚ್ಚುತ್ತಿದ್ದೇನೆ, ಏನೂ ಆಗಿಲ್ಲ. ಇಲ್ಲಿನ ಪ್ರಶ್ನೆ ಅದಲ್ಲ.

ಘಟ್ಟದ_ಸವಾರ
ಆಗಿಲ್ಲ ಎಂಬುದು ಆಗುವುದಿಲ್ಲ ಎಂಬುದಕ್ಕೆ ಪುರಾವೆಯಲ್ಲ. ಉಂಗುರ ತೊಟ್ಟ ಕೈಯಿಂದ ಶಾರ್ಟ್ ಮಾಡಿಕೊಂಡು ಬೆರಳು ಸುಟ್ಟುಕೊಂಡವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಓದಿ ಕಲಿಯುವವರ ಮುಂದೆ ಹೀಗೆ ಹೇಳಬೇಡಿ.

ತುಂಗಾ_ಟರ್ಬೊ
ಈ ರಗಳೆಯೇ ಬೇಡವೆಂದು ನಾನು ಮೈನಸ್‌ಗೆ ಹಿತ್ತಾಳೆಯ ಕಟಾಫ್ ಸ್ವಿಚ್ ಹಾಕಿಸಿದ್ದೇನೆ. ಎರಡು ಸುತ್ತು ತಿರುಗಿಸಿದರೆ ಸಂಪರ್ಕ ಕಡಿದುಹೋಗುತ್ತದೆ. ಇಂಜಿನ್‌ನಿಂದ ಬಾಡಿಗೆ ಬೇರೆಯೇ ದಪ್ಪ ತಾಮ್ರದ ವೈರ್ ಎಳೆದಿದ್ದೇನೆ. ಗ್ಯಾರೇಜ್‌ನಲ್ಲಿ ಬ್ಯಾಟರಿಗೆಂದೇ ಮರದ ಬೆಂಚು, ಸ್ಮಾರ್ಟ್ ಚಾರ್ಜರ್, ಗೋಡೆಗೆ ವೋಲ್ಟ್ ಮೀಟರ್. ಫೋಟೊ ರಾತ್ರಿ ಹಾಕುತ್ತೇನೆ.

ಕಡಲತಡಿ_ಕಾರು
ಲೋಡ್ ಟೆಸ್ಟ್ ಮಾಡಿಸಿಕೊಂಡು ಬಂದೆ. ಬ್ಯಾಟರಿ ಗಟ್ಟಿಯಾಗಿದೆ ಎಂದರು, 12.6 ವೋಲ್ಟ್. ಹೊತ್ತುಕೊಂಡು ಹೋಗಿ ಬಂದು ಸೊಂಟ ಹಿಡಿಯಿತು. ಮತ್ತೆ ಅದೇ ‘ಟಕ್’.

ಹಳೇ_ಸ್ಪ್ಯಾನರ್
ಹಾಗಾದರೆ ಸೆಲ್ಫ್ ಮೋಟರಿನ ಕಾರ್ಬನ್ ಬ್ರಷ್. ಇಳಿಸಲೇಬೇಕು.

ವೋಲ್ಟ್_ಓದುಗ
ಇನ್ನೂ ಏನನ್ನೂ ಇಳಿಸಬೇಡಿ. ಮೀಟರಿನ ಎರಡು ಕಡ್ಡಿಗಳನ್ನು ಬ್ಯಾಟರಿಯ ಎರಡು ಕಂಬಗಳಿಗೇ ಇಡಿ. ಕಂಬ ಹಿಡಿದಿರುವ ವೈರಿನ ಕ್ಲಾಂಪಿಗಲ್ಲ, ಸೀಸದ ಕಂಬಕ್ಕೆ. ಯಾರಾದರೂ ಕೀ ತಿರುಗಿಸಿದಾಗ ಎಷ್ಟು ತೋರಿಸುತ್ತದೆ ನೋಡಿ. ಆಮೇಲೆ ಒಂದು ಕಡ್ಡಿ ಮೈನಸ್ ಕಂಬಕ್ಕೆ, ಇನ್ನೊಂದು ಇಂಜಿನ್ ಬ್ಲಾಕಿನ ಬರಿಯ ಲೋಹಕ್ಕೆ ಇಟ್ಟು ಮತ್ತೆ ಅದೇ ರೀತಿ. ಗೇರ್ ನ್ಯೂಟ್ರಲ್‌ನಲ್ಲಿರಲಿ.

ಇನ್ನೊಂದು. ಬ್ಯಾಟರಿ ಬಿಚ್ಚಿದೆ ಎಂದಿರಿ. ಎಲ್ಲಿ ಬಿಚ್ಚಿದಿರಿ?

ಕಡಲತಡಿ_ಕಾರು
ಮೊದಲನೆಯದು 12.4. ಎರಡನೆಯದು 5.8.

ಬಿಚ್ಚಿದ್ದು ಮೈನಸ್ಸೇ. ಆದರೆ ಬ್ಯಾಟರಿ ಕಡೆಯ ಕ್ಲಾಂಪ್ ಹಸಿರು ಹಿಟ್ಟು ಕಟ್ಟಿ ಬಿಗಿದುಹೋಗಿತ್ತು, ಹತ್ತರ ಸ್ಪ್ಯಾನರ್ ಜಾರುತ್ತಿತ್ತು. ಹಾಗಾಗಿ ಅದೇ ವೈರಿನ ಇನ್ನೊಂದು ತುದಿಯನ್ನು, ಗೇರ್‌ಬಾಕ್ಸ್ ಬ್ರಾಕೆಟ್‌ನಲ್ಲಿ ಬಿಚ್ಚಿದೆ. ಎಲ್ಲಿ ಕಡಿದರೂ ಒಂದೇ ಅಲ್ಲವೇ? ಉಪ್ಪುಗಾಳಿಗೆ ಬ್ರಾಕೆಟ್ ತುಕ್ಕು ಹಿಡಿದಿತ್ತು, ತಂತಿ ಬ್ರಷ್ ಹಾಕಿ ತುಕ್ಕು ನಿರೋಧಕ ಬಣ್ಣವನ್ನೂ ಬಳಿದೆ.

ವೋಲ್ಟ್_ಓದುಗ
ಉತ್ತರ ಸಿಕ್ಕಿತು. ಆ ಬಣ್ಣ!

ಸೆಲ್ಫ್ ಎಳೆಯಲು ಹೋಗಿ ಬ್ಯಾಟರಿ ಸೋತಿದ್ದರೆ ಮೊದಲ ಅಂಕಿ ಒಂಬತ್ತಕ್ಕಿಂತ ಕೆಳಗೆ ಕುಸಿಯಬೇಕಿತ್ತು. 12.4ರಲ್ಲೇ ನಿಂತಿದೆ, ಅಂದರೆ ಸೆಲ್ಫ್‌ಗೆ ಬೇಕಾದಷ್ಟು ಕರೆಂಟ್ ಹರಿಯುತ್ತಿಲ್ಲ. ಎರಡನೆಯದು ಅರ್ಧ ವೋಲ್ಟ್ ದಾಟಬಾರದು, ನಿಮ್ಮಲ್ಲಿ 5.8. ಸೆಲ್ಫ್‌ಗೆ ಹೋದ ಕರೆಂಟ್ ಇಂಜಿನ್ ಲೋಹದಿಂದ ಆ ವೈರಿನ ಮೂಲಕ ಬ್ಯಾಟರಿಗೆ ಮರಳಬೇಕು. ನಡುವೆ ಬಣ್ಣ ಕುಳಿತಿದೆ.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಹಲವು ಕಾರುಗಳಲ್ಲಿ ಮೈನಸ್ ಕ್ಲಾಂಪಿನಿಂದ ಎರಡು ಕವಲು ಹೊರಡುತ್ತವೆ: ಒಂದು ಬಾಡಿಗೆ, ಒಂದು ಗೇರ್‌ಬಾಕ್ಸ್‌ಗೆ. ನಿಮ್ಮದೂ ಹಾಗಿದ್ದರೆ ಗೇರ್‌ಬಾಕ್ಸ್ ಕವಲು ಬಿಚ್ಚಿದರೂ ಬಾಡಿ ಕವಲು ಜೀವಂತ. ಆಲ್ಟರ್ನೇಟರಿನ ಹಿಂದಿನ ದಪ್ಪ ವೈರ್ ಬ್ಯಾಟರಿ ಪ್ಲಸ್‌ಗೆ ಸೇರಿದ್ದು. ಅದನ್ನು ಬಿಚ್ಚುವಾಗ ಕಿಡಿ ಬಂದಿತ್ತೇ? ಸೆಲ್ಫ್ ಪ್ರಯತ್ನಿಸುವಾಗ ಕ್ಲಚ್ ಕೇಬಲ್ ಬಿಸಿಯಾಗಿತ್ತೇ?

ಕಡಲತಡಿ_ಕಾರು
ಎರಡು ಕವಲು ಇರುವುದು ನಿಜ. ಸ್ಪ್ಯಾನರ್ ಬಾಡಿಗೆ ತಾಗಿದಾಗ ಚಿಟಿಲ್ ಎಂದು ಕಿಡಿ ಬಂದಿತ್ತು, ಎಲ್ಲೋ ಉಳಿದ ಚಾರ್ಜ್ ಇರಬೇಕೆಂದು ಬಿಟ್ಟುಬಿಟ್ಟೆ. ಕ್ಲಚ್ ಕೇಬಲ್ ಹತ್ತಿರ ಪ್ಲಾಸ್ಟಿಕ್ ಸುಟ್ಟ ವಾಸನೆಯೂ ಬರುತ್ತಿದೆ. ಓದುತ್ತ ಕೈ ನಡುಗಿತು. ಪಕ್ಕದಲ್ಲಿ ಮಗಳು ಟಾರ್ಚ್ ಹಿಡಿದು ನಿಂತಿದ್ದಳು.

ವೋಲ್ಟ್_ಓದುಗ
ಇನ್ನು ಕೀ ತಿರುಗಿಸಲೇಬೇಡಿ. ಮರಳುವ ದಾರಿ ಸಿಗದೆ ಕರೆಂಟ್ ಕ್ಲಚ್ ಕೇಬಲಿನ ಉಕ್ಕಿನ ಎಳೆಗಳಲ್ಲಿ ಹರಿದಿದೆ. ಕ್ಲಾಂಪಿಗೆ ಅಡುಗೆ ಸೋಡಾ ಬೆರೆಸಿದ ಬಿಸಿನೀರು ಹಾಕಿ, ನೀರು ಬ್ಯಾಟರಿಯ ಮುಚ್ಚಳಗಳ ಒಳಗೆ ಹೋಗದಿರಲಿ. ಹಿಟ್ಟು ಕರಗಿದ ಮೇಲೆ ಕ್ಲಾಂಪನ್ನೇ ಕಂಬದಿಂದ ತೆಗೆದು, ಮರಳಿ ತಾಗದಂತೆ ಬಟ್ಟೆ ಸುತ್ತಿ ಬದಿಗಿಡಿ. ಬ್ರಾಕೆಟ್‌ನಲ್ಲಿ ವೈರಿನ ಕಣ್ಣು ಕೂರುವ ಜಾಗವನ್ನಷ್ಟೇ ಎಮರಿ ಕಾಗದದಿಂದ ಹೊಳೆಯುವ ತನಕ ಉಜ್ಜಿ, ಬಿಗಿಮಾಡಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ.

ಹಳೇ_ಸ್ಪ್ಯಾನರ್
ಅರ್ಥಿಂಗ್ (ಕರೆಂಟ್ ಬ್ಯಾಟರಿಗೆ ಮರಳುವ ದಾರಿ) ನನಗೆ ಹೊಳೆಯಬೇಕಿತ್ತು. ಆದರೂ ಬ್ರಷ್ ಒಮ್ಮೆ ನೋಡಿಸಿಕೊಳ್ಳಿ.

ಕಡಲತಡಿ_ಕಾರು
ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು! 5.8 ಇದ್ದದ್ದು ಈಗ 0.15. ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ 14.2. ಕ್ಲಚ್ ಕೇಬಲಿನ ಹೊರಕವಚ ಒಂದು ಕಡೆ ಕರಗಿದೆ. ಹೊಸ ಕೇಬಲ್ ಹಾಕಿಸುವವರೆಗೆ ಕಾರು ಹೊರಗೆ ತೆಗೆಯುವುದಿಲ್ಲ, ಬುಧವಾರ ಬಸ್ಸಿನಲ್ಲೇ ಹೋಗುತ್ತೇವೆ. ಗಡಿಯಾರ 12:00ಕ್ಕೆ ಹೋಗಿದೆ, ಚಾಲಕನ ಕಡೆಯ ಕಿಟಕಿ ಒಂದೇ ಒತ್ತಿಗೆ ಪೂರ್ತಿ ಮೇಲೇರುತ್ತಿಲ್ಲ. ಭಾನುವಾರ ಇದು ಯಾವುದೂ ಆಗಿರಲಿಲ್ಲ.

ಘಟ್ಟದ_ಸವಾರ
ಭಾನುವಾರ ಗಡಿಯಾರ ನಡೆಯುತ್ತಲೇ ಇತ್ತೆಂದರೆ ಬ್ಯಾಟರಿ ಸಂಪರ್ಕದಲ್ಲೇ ಇತ್ತು. ಕಿಟಕಿಗೆ ಸಾಮಾನ್ಯವಾಗಿ ಪೂರ್ತಿ ಇಳಿಸಿ, ಪೂರ್ತಿ ಏರಿಸಿ, ಸ್ವಿಚ್ಚನ್ನು ಕೆಲವು ಕ್ಷಣ ಎಳೆದೇ ಹಿಡಿದರೆ ಸಾಕು. ನಿಮ್ಮ ಕಾರಿನ ಕೈಪಿಡಿ ನೋಡಿ.

ತುಂಗಾ_ಟರ್ಬೊ
ನನ್ನ ಬೆಂಚಿನ ಫೋಟೊ ಹಾಕಿದ್ದೇನೆ. ಚಾರ್ಜರ್ ಬಗ್ಗೆ ಕೇಳುವುದಿದ್ದರೆ ಕೇಳಿ.

ಬಯಲುಸೀಮೆ_77
ನನ್ನ ಕಾರಿನಲ್ಲಿ ಬ್ಯಾಟರಿ ಡಿಕ್ಕಿಯಲ್ಲಿದೆ, ಡಿಕ್ಕಿ ತೆರೆಯುವುದು ವಿದ್ಯುತ್ ಬೀಗದಿಂದ. ಮೈನಸ್ ಬಿಚ್ಚಿ ಡಿಕ್ಕಿ ಮುಚ್ಚಿಬಿಟ್ಟೆ. ಈಗ ಹೇಗೆ ತೆರೆಯುವುದು?