ಅಮಾಕ್ಸಿಸಿಲಿನ್ ಅಲರ್ಜಿ: ರಕ್ತ ಪರೀಕ್ಷೆ ನೆಗೆಟಿವ್ ಬಂದರೆ ಮತ್ತೆ ಕೊಡಬಹುದಾ?

ಪ್ರಶ್ನೆ:
ಹಲ್ಲು ಕೀಳಿಸಿದಾಗ ಅಮ್ಮನಿಗೆ ಅಮಾಕ್ಸಿಸಿಲಿನ್ (ಪೆನಿಸಿಲಿನ್ ಗುಂಪಿನ ಆಂಟಿಬಯಾಟಿಕ್) ಕೊಟ್ಟಿದ್ದರು. ಅರ್ಧ ಗಂಟೆಯೊಳಗೆ ಕುತ್ತಿಗೆ, ಹೊಟ್ಟೆ ಮೇಲೆಲ್ಲ ದಪ್ಪ ದದ್ದು ಎದ್ದು ಕೆಳತುಟಿ ಊದಿಕೊಂಡಿತು. ಈಗ ಮಂಡಿ ಆಪರೇಷನ್ ಹತ್ತಿರ ಬಂದಿದೆ. ಪೆನಿಸಿಲಿನ್ ಐಜಿಇ (ಅಲರ್ಜಿಗೆ ಕಾರಣವಾಗುವ ಪ್ರತಿಕಾಯ) ರಕ್ತ ಪರೀಕ್ಷೆ ಮಾಡಿಸಿದೆವು, ನೆಗೆಟಿವ್. ಇಷ್ಟನ್ನು ನಂಬಬಹುದಾ? ಅಮ್ಮ ತುಂಬಾ ಹೆದರಿದ್ದಾರೆ.

ಉತ್ತರ 1:
ದಯವಿಟ್ಟು ಇದೊಂದನ್ನೇ ನಂಬಿ ಕೊಡಬೇಡಿ. ನಾನು ಲ್ಯಾಬಿನಲ್ಲೇ ಕೆಲಸ ಮಾಡುವವಳು. ಪೆನಿಸಿಲಿನ್‌ಗೆ ಅಂಟುವ ಐಜಿಇ ರಕ್ತದಲ್ಲಿ ಇದೆಯಾ ಅಂತ ಮಾತ್ರ ಈ ಟೆಸ್ಟ್ ನೋಡುತ್ತದೆ. ನಿಜವಾಗಿ ಅಲರ್ಜಿ ಇರುವ ಎಷ್ಟೋ ಜನರಲ್ಲೂ ನೆಗೆಟಿವ್ ಬರುತ್ತದೆ. ವರ್ಷ ಕಳೆದ ಹಾಗೆ ಐಜಿಇ ಇಳಿಯುತ್ತದೆ ಬೇರೆ. ಅಲರ್ಜಿ ತಜ್ಞರ ಹತ್ತಿರ ಚರ್ಮದ ಪರೀಕ್ಷೆ ಮಾಡಿಸಿ. ಅದೂ ನೆಗೆಟಿವ್ ಆದರೆ ಆಸ್ಪತ್ರೆಯಲ್ಲೇ ಕೂರಿಸಿಕೊಂಡು ಸ್ವಲ್ಪ ಔಷಧಿ ಕೊಟ್ಟು ನೋಡುತ್ತಾರೆ. ಖಚಿತ ಉತ್ತರ ಸಿಗುವುದು ಅಲ್ಲೇ. ಸೆಟಿರಿಜಿನ್ ಅನ್ನುವ ಅಲರ್ಜಿ ಮಾತ್ರೆ ತಗೊಳ್ತಿದ್ದರೆ ಮೊದಲೇ ಹೇಳಿ, ಚರ್ಮದ ಪರೀಕ್ಷೆ ಕೆಡುತ್ತದೆ. ರಕ್ತ ಪರೀಕ್ಷೆಗೆ ಆ ತೊಂದರೆ ಇಲ್ಲ.

ಉತ್ತರ 2:
ಟ್ರಿಪ್ಟೇಸ್ (ಅಲರ್ಜಿ ರಿಯಾಕ್ಷನ್ ಆದಾಗ ರಕ್ತದಲ್ಲಿ ಏರುವ ಅಂಶ) ಟೆಸ್ಟ್ ಮಾಡಿಸಿದರೆ ಆಗಲ್ವಾ?

ಉತ್ತರ 1:
ಈಗ ಪ್ರಯೋಜನವಿಲ್ಲ. ರಿಯಾಕ್ಷನ್ ಆದ 4 ಗಂಟೆಯೊಳಗೆ ರಕ್ತ ತೆಗೆಯಬೇಕು, 24 ಗಂಟೆ ಕಳೆದ ಮೇಲೆ ಇನ್ನೊಮ್ಮೆ ತೆಗೆದು ಹೋಲಿಸಬೇಕು. ಅದೂ ರಿಯಾಕ್ಷನ್ ಆಗಿದ್ದನ್ನು ತೋರಿಸುತ್ತದೆ, ಯಾವ ಔಷಧಿಯಿಂದ ಅಂತ ಅಲ್ಲ.

ಉತ್ತರ 3:
ಫಿಟ್ಸ್‌ನ ಕಾರ್ಬಮಜೆಪಿನ್ ವಿಷಯ ಬೇರೆ. ಅದರಿಂದ ಚರ್ಮಕ್ಕೆ ತೀವ್ರ ರಿಯಾಕ್ಷನ್ ಆಗುವ ಅಪಾಯ ಇದೆಯಾ ಅಂತ ನೋಡಲು ಎಚ್‌ಎಲ್‌ಎ-ಬಿ 1502 ಅನ್ನುವ ಜೀನ್ ಟೆಸ್ಟ್ ಇದೆ. ಮಾತ್ರೆ ಶುರು ಮಾಡುವ ಮುಂಚೆಯೇ ರಕ್ತದಲ್ಲಿ ನೋಡಬಹುದು. ನಮ್ಮ ಅಣ್ಣನಿಗೆ ಪಾಸಿಟಿವ್ ಬಂತು, ಡಾಕ್ಟರು ಬೇರೆ ಮಾತ್ರೆ ಬರೆದರು.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಅರಿವಳಿಕೆ ಡಾಕ್ಟರಿಗೂ ಇವತ್ತೇ ಹೇಳುತ್ತೇನೆ.