ಕೈಯಲ್ಲಿ ಪದೇ ಪದೇ ನೀರ್ಗುಳ್ಳೆ, ಆಮೇಲೆ ಚರ್ಮ ಸುಲಿಯುತ್ತದೆ. ಕೆಲಸ ಬಿಡದೆ ಇದನ್ನು ಹಿಡಿತಕ್ಕೆ ತರಬಹುದಾ?

ಮಳೆಹನಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಹೇರ್ ಸಲೂನ್‌ನಲ್ಲಿ ಕೆಲಸ ಮಾಡುತ್ತೇನೆ. ತಲೆ ತೊಳೆಯುವುದು, ಬಣ್ಣ ಹಚ್ಚುವುದು, ಕೂದಲು ಕತ್ತರಿಸುವುದು, ಬೆಳಗಿನಿಂದ ಸಂಜೆವರೆಗೂ ಕೈ ಒದ್ದೆಯೇ. ಕೆಲವು ವರ್ಷಗಳಿಂದ ಕೈಗಳದ್ದು ಒಂದೇ ಗೋಳು. ಮೊದಲು ಬೆರಳುಗಳ ಪಕ್ಕದಲ್ಲಿ ನವೆ ಶುರುವಾಗುತ್ತದೆ, ಕಣ್ಣಿಗೆ ಏನೂ ಕಾಣುವುದಿಲ್ಲ. ಮಾರನೇ ದಿನ ನೋಡಿದರೆ ಚರ್ಮದ ಒಳಗೇ ಸಣ್ಣ ಸಣ್ಣ ಗಟ್ಟಿ ಗುಳ್ಳೆಗಳು. ಅವೆಲ್ಲ ಒಂದಕ್ಕೊಂದು ಸೇರಿಕೊಂಡು ಅಂಗೈವರೆಗೂ ಬರುತ್ತವೆ, ರಾತ್ರಿ ನವೆಗೆ ನಿದ್ದೆಯೇ ಬರುವುದಿಲ್ಲ. ಆಮೇಲೆ ಗುಳ್ಳೆ ಒಣಗಿ ಚರ್ಮ ಪದರ ಪದರವಾಗಿ ಏಳುತ್ತದೆ. ಕೆಳಗಿನ ಚರ್ಮ ಕೆಂಪಗೆ, ತೆಳ್ಳಗೆ ಇರುತ್ತದೆ, ಬೆರಳು ಮಡಚಿದರೆ ಗೆಣ್ಣಿನ ಹತ್ತಿರ ಬಿರಿಯುತ್ತದೆ. ಅಲ್ಲಿಗೆ ಶಾಂಪೂ ತಾಗಿದರೆ ಜೀವ ಹೋದ ಹಾಗೆ ಉರಿ.

ಡಾಕ್ಟರ್ ಮುಲಾಮು ಕೊಟ್ಟಿದ್ದಾರೆ. ಹಚ್ಚಿದರೆ ಕಡಿಮೆ ಆಗುತ್ತದೆ, ಬಿಟ್ಟರೆ ಮತ್ತೆ ಅದೇ. ಒಬ್ಬರು ಅಲರ್ಜಿ ಅಂತಾರೆ, ಇನ್ನೊಬ್ಬರು ಫಂಗಸ್ ಅಂತಾರೆ. ಗ್ಲೌಸ್ ಹಾಕಿದರೆ ಒಳಗೆ ಬೆವರಿ ಇನ್ನೂ ಜಾಸ್ತಿ. ಇದು ಅಂಟುರೋಗವಾ? ಗಿರಾಕಿಗಳು ನನ್ನ ಕೈ ನೋಡಿ ಹಿಂಜರಿಯುತ್ತಾರೆ, ತುಂಬಾ ಬೇಜಾರಾಗುತ್ತದೆ. ನನಗೆ ಬರುವುದು ಇದೊಂದೇ ಕೆಲಸ, ಬಿಡುವ ಹಾಗಿಲ್ಲ. ಇದೇ ಅನುಭವ ಇರುವವರು ದಯವಿಟ್ಟು ಹೇಳಿ.

ಹಳೆಪೆನ್ನು:

ನೀವು ಬರೆದಿದ್ದು ಓದುತ್ತಾ ನನ್ನ ಕೈ ನೋಡಿಕೊಂಡೆ. ನನಗೂ ಇದೇ ಇದೆ. ಡಾಕ್ಟರುಗಳು ಪಾಂಫೋಲಿಕ್ಸ್ ಅಂತಾರೆ, ಡಿಸ್‌ಹೈಡ್ರೋಟಿಕ್ ಎಸ್ಜಿಮಾ ಅಂತಲೂ ಅಂತಾರೆ, ಎರಡೂ ಒಂದೇ. ನಿಮ್ಮದೂ ಅದೇನಾ ಅಂತ ಚರ್ಮದ ಡಾಕ್ಟರೇ ನೋಡಿ ಹೇಳಬೇಕು. ಆದರೆ ಅಂಟುರೋಗವಾ ಅನ್ನುವ ಭಯ ನಿಮ್ಮನ್ನು ಜಾಸ್ತಿ ತಿನ್ನುತ್ತಿದೆ ಅನ್ನಿಸಿತು, ಅದಕ್ಕೆ ಮೊದಲು ಅದನ್ನೇ ಹೇಳುತ್ತೇನೆ. ಎಸ್ಜಿಮಾ ಅಂಟುವುದಿಲ್ಲ. ಗುಳ್ಳೆಯ ನೀರು ತಾಗಿದರೂ ಅಂಟುವುದಿಲ್ಲ. ಆ ನೀರು ರಕ್ತದಿಂದ ಜಿನುಗಿ ಬಂದ ದ್ರವ, ಅಷ್ಟೇ.

ಅಂಗೈ ಚರ್ಮ ಬಹಳ ದಪ್ಪ. ಹಾಗಾಗಿ ಗುಳ್ಳೆ ಬೇಗ ಒಡೆಯದೆ ಸಬ್ಬಕ್ಕಿ ಕಾಳಿನ ಹಾಗೆ ಒಳಗೇ ಕೂತುಬಿಡುತ್ತದೆ. ಬೆವರು ಗ್ರಂಥಿ ಕಟ್ಟಿಕೊಂಡು ಹೀಗಾಗುತ್ತದೆ ಅಂತ ಹಿಂದೆ ನಂಬಿದ್ದರು, ಡಿಸ್‌ಹೈಡ್ರೋಟಿಕ್ ಅನ್ನುವ ಹೆಸರು ಬಂದಿದ್ದೂ ಅದರಿಂದಲೇ. ಅದು ನಿಜವಲ್ಲ ಅಂತ ಆಮೇಲೆ ಗೊತ್ತಾಯಿತು. ಆದರೆ ಬೆವರಿದಾಗ ಹಲವರಿಗೆ ಇದು ಕೆರಳುವುದಂತೂ ಹೌದು.

ಗುಳ್ಳೆ ಎದ್ದಿರುವ ದಿನಗಳಲ್ಲಿ ನಾನು ಮಾಡುವುದು ಹೇಳುತ್ತೇನೆ. ಸೂಜಿಯಿಂದ ಚುಚ್ಚುವುದಿಲ್ಲ, ಸುಲಿದ ಚರ್ಮ ಎಳೆಯುವುದಿಲ್ಲ. ಎಳೆದರೆ ಪಕ್ಕದ ಒಳ್ಳೆ ಚರ್ಮವೂ ಹರಿದು ಬರುತ್ತದೆ, ಜೋತಾಡುವ ತುದಿ ಇದ್ದರೆ ಸಣ್ಣ ಕತ್ತರಿಯಿಂದ ಕತ್ತರಿಸಿ ಬಿಡುತ್ತೇನೆ. ನವೆ ಜಾಸ್ತಿ ಆದರೆ ತಣ್ಣೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಹತ್ತು ಹದಿನೈದು ನಿಮಿಷ ಇಡುತ್ತೇನೆ, ಒತ್ತಿ ಒರೆಸಿ ತಕ್ಷಣ ಮುಲಾಮು. ಬಿಸಿನೀರು ಹಾಕಿದರೆ ಆ ಕ್ಷಣಕ್ಕೆ ಹಾಯ್ ಅನ್ನಿಸುತ್ತದೆ, ಗಂಟೆಯೊಳಗೆ ನವೆ ದುಪ್ಪಟ್ಟಾಗುತ್ತದೆ. ಅದನ್ನು ಮಾತ್ರ ಮಾಡಬೇಡಿ.

ಇನ್ನೊಂದು ಮುಖ್ಯ ವಿಷಯ. ನೀವು ಮುಲಾಮು ಬಿಟ್ಟರೆ ಮತ್ತೆ ಬರುತ್ತದೆ ಅಂದಿರಿ. ಕಣ್ಣಿಗೆ ವಾಸಿಯಾದ ಹಾಗೆ ಕಂಡರೂ ಒಳಗೆ ಚರ್ಮ ಇನ್ನೂ ಗಟ್ಟಿಯಾಗಿರುವುದಿಲ್ಲ, ಅದಕ್ಕೆ ಇನ್ನೂ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬೇಕು, ಅಷ್ಟರೊಳಗೆ ನಾವು ಮತ್ತೆ ಸೋಪು ನೀರಿಗೆ ಕೈ ಹಾಕಿರುತ್ತೇವೆ. ಗುಳ್ಳೆ ಇಲ್ಲದ ದಿನಗಳಲ್ಲೂ ಕೈಗೆ ಜಿಡ್ಡು ಹಚ್ಚುತ್ತಲೇ ಇರಬೇಕು. ಅಂಗೈಯಲ್ಲಿ ಎಣ್ಣೆ ಗ್ರಂಥಿಗಳೇ ಇಲ್ಲ ಅಲ್ವಾ, ಅದು ತಾನಾಗಿ ಮೆತ್ತಗಾಗುವುದಿಲ್ಲ. ನನಗೆ ಒಗ್ಗಿದ್ದು ಬರೀ ಪೆಟ್ರೋಲಿಯಂ ಜೆಲ್ಲಿ. ರಾತ್ರಿ ದಪ್ಪಗೆ ಹಚ್ಚಿ ಹತ್ತಿಯ ಗ್ಲೌಸ್ ಹಾಕಿ ಮಲಗುತ್ತೇನೆ. ಸುವಾಸನೆ ಇರುವ ಹ್ಯಾಂಡ್ ಕ್ರೀಮ್ ಹತ್ತಿರವೂ ಹೋಗಬೇಡಿ.

ನೀಲಿಕೊಡೆ:

ನಾನು ಚರ್ಮರೋಗ ವಿಭಾಗದಲ್ಲಿ ನರ್ಸ್. ಮೇಲಿನವರು ಹೇಳಿದ್ದು ಸರಿ. ಆದರೆ ಫಂಗಸ್ ಅಂತ ಯಾರೋ ಹೇಳಿದ್ದನ್ನು ಹಾಗೇ ಬಿಡಬೇಡಿ, ಒಮ್ಮೆ ಪರೀಕ್ಷೆ ಮಾಡಿಸಿಯೇ ತೀರಬೇಕು. ಸುಲಿಯುತ್ತಿರುವ ಜಾಗದಿಂದ ಸ್ವಲ್ಪ ಸಿಪ್ಪೆ ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ನೋವಿಲ್ಲ, ಬೇಗ ಮುಗಿಯುತ್ತದೆ. ಒಂದೇ ಕೈ ಸುಲಿಯುತ್ತಿದೆ, ಎರಡೂ ಪಾದಗಳಲ್ಲೂ ಸಿಪ್ಪೆ ಏಳುತ್ತಿದೆ ಅಂದರೆ ನಾವು ಮೊದಲು ಅನುಮಾನ ಪಡುವುದು ಫಂಗಸ್ ಮೇಲೆಯೇ. ಫಂಗಸ್ ಇರುವ ಕೈಗೆ ಬರೀ ಸ್ಟೀರಾಯ್ಡ್ ಹಚ್ಚಿದರೆ ಕೆಂಪು, ನವೆ ಇಳಿಯುತ್ತವೆ, ಒಳಗೊಳಗೇ ಅದು ಹರಡುತ್ತಾ ಹೋಗುತ್ತದೆ.

ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿರುವುದಿಲ್ಲ. ಕೆಲವೊಮ್ಮೆ ಫಂಗಸ್ ಕಾಲ್ಬೆರಳ ಸಂದಿಯಲ್ಲಿ ಮಾತ್ರ ಇರುತ್ತದೆ, ಅದಕ್ಕೆ ದೇಹ ತೋರಿಸುವ ಪ್ರತಿಕ್ರಿಯೆಯಾಗಿ ಗುಳ್ಳೆ ಕೈಯಲ್ಲಿ ಏಳುತ್ತದೆ. ಕೈಯನ್ನು ಎಷ್ಟು ಕೆರೆದು ನೋಡಿದರೂ ಅಲ್ಲಿ ಫಂಗಸ್ ಸಿಗುವುದಿಲ್ಲ. ಪಾದಕ್ಕೆ ಔಷಧಿ ಮಾಡಿದರೆ ಕೈ ವಾಸಿಯಾಗುತ್ತದೆ. ಅದಕ್ಕೇ ಡಾಕ್ಟರ್ ಹತ್ತಿರ ಹೋದಾಗ ಚಪ್ಪಲಿ ಬಿಚ್ಚಿ ಪಾದಗಳನ್ನೂ ತೋರಿಸಿ.

ಗುಳ್ಳೆಯಲ್ಲಿ ಶುರುವಿನಿಂದಲೇ ಹಳದಿ ಕೀವು ಇದ್ದು, ಒಣಗಿದಾಗ ಕಂದು ಚುಕ್ಕೆಯಾಗುತ್ತಿದ್ದರೆ ಅದು ಬೇರೆ ಕಾಯಿಲೆ ಇರಬಹುದು, ಪಾಲ್ಮೋಪ್ಲಾಂಟರ್ ಪಸ್ಟುಲೋಸಿಸ್ ಅಂತ. ಅದರಲ್ಲಿ ಸಿಗರೇಟಿನ ಪಾತ್ರ ದೊಡ್ಡದು. ಮನೆಯಲ್ಲಿ ಇನ್ನೂ ಒಂದಿಬ್ಬರಿಗೆ ರಾತ್ರಿ ಹೊತ್ತು ನವೆ ಇದ್ದರೆ ಕಜ್ಜಿ ಇದೆಯಾ ನೋಡಬೇಕು. ಅದು ಅಂಟುತ್ತದೆ.

ಸ್ಟೀರಾಯ್ಡ್ ಮುಲಾಮಿನ ಬಗ್ಗೆ ಹೆದರಿ ಚೂರು ಚೂರು ಹಚ್ಚುವವರನ್ನು ದಿನಾ ನೋಡುತ್ತೇನೆ. ಅಂಗೈ ದಪ್ಪ ಇರುವುದರಿಂದ ಮುಖಕ್ಕೆ ಕೊಡುವ ಮೆದು ಸ್ಟೀರಾಯ್ಡ್ ಇಲ್ಲಿ ಸಾಮಾನ್ಯವಾಗಿ ಸಾಲುವುದಿಲ್ಲ, ಜೋರಿನದ್ದೇ ಕೊಡುತ್ತಾರೆ. ಟ್ಯೂಬಿನಿಂದ ತೋರುಬೆರಳಿನ ತುದಿಯಿಂದ ಮೊದಲ ಗೆರೆವರೆಗೆ ಒಂದು ಉದ್ದ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಅದು ಒಂದು ಕೈಯ ಅಂಗೈಗೂ ಹಿಂಗೈಗೂ ಸಾಕು. ಡಾಕ್ಟರ್ ಹೇಳಿದಷ್ಟು ದಿನ ಹಚ್ಚಿ. ಆಮೇಲೆ ಒಮ್ಮೆಲೇ ನಿಲ್ಲಿಸುವ ಬದಲು ವಾರಕ್ಕೆ ಎರಡು ದಿನ ಮಾತ್ರ ಹಚ್ಚುತ್ತಾ ಹೋಗುವ ಕ್ರಮ ಇದೆ, ಅದರ ಬಗ್ಗೆ ನೀವಾಗಿಯೇ ಕೇಳಿ. ಕೇಳದೆ ತಿಂಗಳುಗಟ್ಟಲೆ ಹಚ್ಚುತ್ತಾ ಹೋದರೆ, ಅದರಲ್ಲೂ ಹಿಂಗೈಗೆ, ಚರ್ಮ ತೆಳ್ಳಗಾಗುತ್ತದೆ.

ಹಳದಿ ಹಕ್ಕಳೆ, ಕೀವು, ಮುಟ್ಟಿದರೆ ನೋವು, ಕೈಯಿಂದ ಮೇಲಕ್ಕೆ ಹೋಗುವ ಕೆಂಪು ಗೆರೆ, ಜ್ವರ, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಿ. ಆಗ ಸೋಂಕು ಸೇರಿರುತ್ತದೆ, ಮುಲಾಮಿನಿಂದ ಮಾತ್ರ ಹೋಗುವುದಿಲ್ಲ.

ತಿಳಿಗಾಳಿ:

ಒಂದು ಸಣ್ಣ ಮಾತು. ನನಗೂ ಕೈ ಸುಲಿಯುತ್ತದೆ, ಆದರೆ ನವೆ ಇಲ್ಲ, ಗುಳ್ಳೆಯಲ್ಲಿ ನೀರೂ ಇಲ್ಲ. ಗಾಳಿ ತುಂಬಿದ ಬಿಳಿ ಗುಳ್ಳೆ ಎದ್ದು, ಒಡೆದು, ಉಂಗುರದ ಆಕಾರದಲ್ಲಿ ಸಿಪ್ಪೆ ಏಳುತ್ತದೆ, ಬೇಸಿಗೆಯಲ್ಲಿ ಜಾಸ್ತಿ. ಇದು ಕೆರಟೋಲೈಸಿಸ್ ಎಕ್ಸ್‌ಫೋಲಿಯೇಟಿವಾ. ಇದಕ್ಕೆ ಸ್ಟೀರಾಯ್ಡ್ ಹಚ್ಚಿ ಪ್ರಯೋಜನವಿಲ್ಲ ಅಂತ ಡಾಕ್ಟರ್ ಹೇಳಿದರು, ಯೂರಿಯಾ ಇರುವ ಕ್ರೀಮ್ ಕೊಟ್ಟರು, ಅದರಲ್ಲೇ ಹಿಡಿತಕ್ಕೆ ಬಂದಿದೆ. ಮಳೆಹನಿ ಅವರದು ಇದಲ್ಲ ಅನ್ನಿಸುತ್ತದೆ. ಆದರೆ ಇಲ್ಲಿ ಓದುವವರಲ್ಲಿ ನನ್ನಂಥವರೂ ಇರಬಹುದು. ಬಿರುಕು ಇರುವ ಕೈಗೆ ಯೂರಿಯಾ ಹಚ್ಚಿದರೆ ಉರಿಯುತ್ತದೆ, ನೆನಪಿರಲಿ.

ಮಳೆಹನಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಂಟುವುದಿಲ್ಲ ಅಂತ ಓದಿದ ಮೇಲೆ ಎದೆ ಮೇಲಿನ ಭಾರ ಇಳಿಯಿತು. ಪಾದ ನೋಡಿಕೊಂಡೆ, ಏನೂ ಕಾಣಲಿಲ್ಲ, ಆದರೂ ತೋರಿಸುತ್ತೇನೆ. ಒಂದು ವಿಷಯ ಹೇಳುವುದು ಬಿಟ್ಟುಹೋಗಿತ್ತು. ಬಲಗೈಯಲ್ಲಿ, ಕತ್ತರಿ ಹಿಡಿಯುವ ಹೆಬ್ಬೆರಳು, ಉಂಗುರ ಬೆರಳಿನಲ್ಲಿ ಯಾವಾಗಲೂ ಜಾಸ್ತಿ. ರಜೆಯಲ್ಲಿ ಎರಡೂ ಕೈ ಚೆನ್ನಾಗಿರುತ್ತವೆ. ಹಾಗಾದರೆ ಕತ್ತರಿಯೇ ಕಾರಣವಾ? ಮತ್ತೆ ಗ್ಲೌಸ್‌ದು ಏನು ಮಾಡಲಿ?

ಬಾಚಣಿಗೆ:

ನಾನೂ ನಿಮ್ಮದೇ ಕೆಲಸದವಳು. ನಮ್ಮ ಕೆಲಸದಲ್ಲಿ ಇದು ಎಷ್ಟು ಜನರಿಗೆ ಇದೆ ಅಂದರೆ, ಕೈ ಹಾಳಾಗುವುದು ಈ ಕೆಲಸದಲ್ಲಿ ಇದ್ದದ್ದೇ ಅಂತ ಸುಮ್ನೆ ಒಪ್ಪಿಕೊಂಡುಬಿಟ್ಟಿದ್ದೇವೆ. ಒಪ್ಪಿಕೊಳ್ಳಬೇಕಾಗಿಲ್ಲ. ಕೆಲಸ ಬಿಡದೆಯೂ ಬಹಳಷ್ಟು ಬದಲಾಯಿಸಬಹುದು.

ಕತ್ತರಿಯ ಅನುಮಾನ ಸರಿಯಾಗಿಯೇ ಇದೆ. ಕತ್ತರಿ, ಕ್ಲಿಪ್ಪು, ಹೇರ್‌ಪಿನ್ನುಗಳಲ್ಲಿ ಅಲರ್ಜಿ ಮಾಡುವ ನಿಕ್ಕಲ್ ಲೋಹ ಇರಬಹುದು. ಅದನ್ನು ಪತ್ತೆ ಮಾಡಲು ಡೈಮೀಥೈಲ್‌ಗ್ಲೈಆಕ್ಸಿಮ್ ಅನ್ನುವ ದ್ರವದ ಸಣ್ಣ ಕಿಟ್ ಸಿಗುತ್ತದೆ. ಹತ್ತಿ ಕಡ್ಡಿಗೆ ಆ ಹನಿ ಹಾಕಿ ಕತ್ತರಿಯ ಹಿಡಿಯ ಬಳೆಯ ಒಳಭಾಗದಲ್ಲಿ ಅರ್ಧ ನಿಮಿಷ ಉಜ್ಜಿ. ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ಲೋಹದಿಂದ ನಿಕ್ಕಲ್ ಬಿಡುತ್ತಿದೆ ಅಂತ ಅರ್ಥ. ನನ್ನ ಕತ್ತರಿಯಲ್ಲಿ ಏನೂ ಬರಲಿಲ್ಲ, ಕ್ಲಿಪ್ಪುಗಳಲ್ಲಿ ಹತ್ತಿ ಢಾಳಾದ ಗುಲಾಬಿಯಾಯಿತು. ಅವನ್ನೆಲ್ಲ ಬಿಸಾಕಿ ಪ್ಲಾಸ್ಟಿಕ್ಕಿನವು ತಂದೆ. ಬಾಯಲ್ಲಿ ಕ್ಲಿಪ್ಪು ಕಚ್ಚಿ ಹಿಡಿಯುವ ಅಭ್ಯಾಸ ಇದ್ದರೆ ಅದನ್ನೂ ಬಿಡಿ.

ಗ್ಲೌಸ್ ವಿಷಯಕ್ಕೆ ಬರುತ್ತೇನೆ. ರಬ್ಬರ್ ಗ್ಲೌಸ್ ತಯಾರಿಸುವಾಗ ಹಾಕುವ ರಾಸಾಯನಿಕಗಳೇ ಕೆಲವರಿಗೆ ಅಲರ್ಜಿ ಮಾಡುತ್ತವೆ. ಸಾಮಾನ್ಯ ನೈಟ್ರೈಲ್ ಗ್ಲೌಸ್‌ಗಳಲ್ಲೂ ಅಂಥವು ಇರಬಹುದು, ಆಕ್ಸಲರೇಟರ್ ಅನ್ನುವ ಆ ರಾಸಾಯನಿಕಗಳನ್ನು ಹಾಕದೆ ತಯಾರಿಸಿದವು ಬೇರೆಯಾಗಿ ಸಿಗುತ್ತವೆ. ಒದ್ದೆ ಕೈಗೆ ಗ್ಲೌಸ್ ಹಾಕಬೇಡಿ. ಒಳಗೆ ತೆಳ್ಳನೆಯ ಹತ್ತಿ ಗ್ಲೌಸ್ ಹಾಕಿ ಮೇಲೆ ಇದನ್ನು ಹಾಕಿ, ಹತ್ತಿ ಬೆವರಿಗೆ ಒದ್ದೆಯಾದರೆ ಬದಲಾಯಿಸಿ. ಎರಡು ಮೂರು ಜೊತೆ ಇಟ್ಟುಕೊಂಡರೆ ಒಂದು ಒಣಗುವಾಗ ಇನ್ನೊಂದು ಇರುತ್ತದೆ. ಕೆಲಸ ಮುಗಿದ ತಕ್ಷಣ ಬಿಚ್ಚಿಬಿಡಿ. ಬಣ್ಣ ಹಚ್ಚುವಾಗ ಮಾತ್ರ ಅಲ್ಲ, ಬಣ್ಣ ತೊಳೆಯುವಾಗಲೂ ಗ್ಲೌಸ್ ಬೇಕೇ ಬೇಕು, ಬಹಳ ಜನ ಅಲ್ಲೇ ಬಿಚ್ಚಿಬಿಡುತ್ತಾರೆ. ಉಗುರಿನ ಕೆಲಸವೂ ಮಾಡುತ್ತಿದ್ದರೆ ಹುಷಾರು, ಆ ಅಕ್ರಿಲೇಟ್ ದ್ರವಗಳು ತೆಳು ಗ್ಲೌಸ್ ದಾಟಿ ನಿಮಿಷಗಳಲ್ಲಿ ಚರ್ಮ ಮುಟ್ಟುತ್ತವೆ.

ಉಂಗುರ ಇದ್ದರೆ ಕೆಲಸಕ್ಕೆ ಮುಂಚೆ ತೆಗೆದಿಡಿ, ಶಾಂಪೂ ಅದರ ಅಡಿಯಲ್ಲೇ ನಿಂತುಬಿಡುತ್ತದೆ. ಸಾಧ್ಯವಾದರೆ ಮಾಲೀಕರ ಹತ್ತಿರ ಮಾತಾಡಿ, ತಲೆ ತೊಳೆಯುವ ಕೆಲಸವನ್ನೆಲ್ಲ ಒಬ್ಬರಿಗೇ ಹಾಕದೆ ಹಂಚಿಕೊಳ್ಳಿ. ಒಬ್ಬರೇ ಕೇಳಿದರೆ ಕಷ್ಟ, ಇಬ್ಬರು ಮೂವರು ಸೇರಿ ಕೇಳಿ.

ನೀಲಿಕೊಡೆ:

ಮಳೆಹನಿ, ರಜೆಯಲ್ಲಿ ವಾಸಿಯಾಗುತ್ತದೆ ಅಂದಿರಲ್ಲ, ಅದನ್ನು ಡಾಕ್ಟರ್‌ಗೆ ಮೊದಲ ಮಾತಿನಲ್ಲೇ ಹೇಳಿ. ಕೆಲಸದ ಜಾಗದ ಯಾವುದೋ ವಸ್ತು ಕಾರಣ ಅನ್ನುವುದಕ್ಕೆ ಅದಕ್ಕಿಂತ ದೊಡ್ಡ ಸುಳಿವಿಲ್ಲ. ಪ್ಯಾಚ್ ಟೆಸ್ಟ್ ಮಾಡಿಸಬಹುದಾ ಅಂತ ನೇರವಾಗಿ ಕೇಳಿ. ಇದು ಚುಚ್ಚಿ ನೋಡುವ ಅಲರ್ಜಿ ಪರೀಕ್ಷೆ ಅಲ್ಲ, ರಕ್ತ ಪರೀಕ್ಷೆಯೂ ಅಲ್ಲ. ನಿಕ್ಕಲ್, ಕೂದಲ ಬಣ್ಣದಲ್ಲಿರುವ ಪಿಪಿಡಿ ಅನ್ನುವ ರಾಸಾಯನಿಕ, ಶಾಂಪೂಗಳಲ್ಲಿರುವ ಸಂರಕ್ಷಕಗಳು, ರಬ್ಬರ್ ರಾಸಾಯನಿಕಗಳು, ಇವನ್ನೆಲ್ಲ ಸಣ್ಣ ಸಣ್ಣ ಪಟ್ಟಿಗಳಲ್ಲಿ ಬೆನ್ನಿಗೆ ಅಂಟಿಸುತ್ತಾರೆ. 48 ಗಂಟೆ ಬಿಟ್ಟು ತೆಗೆದು ನೋಡುತ್ತಾರೆ, ಮತ್ತೆ ಎರಡು ದಿನ ಬಿಟ್ಟು ಇನ್ನೊಮ್ಮೆ. ಆ ಎರಡನೇ ಸಲ ತಪ್ಪಿಸಬೇಡಿ, ಕೆಲವು ಅಲರ್ಜಿ ಆಗಲೇ ಕಾಣಿಸಿಕೊಳ್ಳುವುದು. ಅಲ್ಲಿಯವರೆಗೆ ಬೆನ್ನು ಒದ್ದೆ ಮಾಡಬಾರದು, ಬೆವರುವ ಕೆಲಸ ಬೇಡ. ಅದಕ್ಕೂ ಮುಂಚೆ ಬೆನ್ನಿಗೆ ಸ್ಟೀರಾಯ್ಡ್ ಹಚ್ಚಿರಬಾರದು. ಸ್ಟೀರಾಯ್ಡ್ ಮಾತ್ರೆ ತಿನ್ನುತ್ತಿದ್ದರೆ ಮೊದಲೇ ಹೇಳಿ, ಫಲಿತಾಂಶ ಮುಚ್ಚಿಹೋಗಬಹುದು. ಸಲೂನ್‌ನಲ್ಲಿ ಬಳಸುವ ಎಲ್ಲದರ ಲೇಬಲ್ ಫೋಟೋ ತೆಗೆದುಕೊಂಡು ಹೋಗಿ.

ಪರೀಕ್ಷೆಯಲ್ಲಿ ಏನೂ ಸಿಗದೆಯೂ ಇರಬಹುದು. ನೀರು, ಸೋಪುಗಳೇ ಸಾಕಾಗುತ್ತವೆ ಕೆಲವರ ಕೈಗೆ. ಆಗಲೂ ದಾರಿ ಮುಚ್ಚುವುದಿಲ್ಲ. ಟ್ಯಾಕ್ರೋಲಿಮಸ್ ಮುಲಾಮು ಇದೆ, ಅದು ಸ್ಟೀರಾಯ್ಡ್ ಅಲ್ಲ. ಕೈಗೆ ಮಾತ್ರ ಕೊಡುವ ಅತಿನೇರಳೆ ಬೆಳಕಿನ ಚಿಕಿತ್ಸೆ ಇದೆ. ಅಲಿಟ್ರೆಟಿನಾಯಿನ್ ಮಾತ್ರೆ ಕೆಲವು ದೇಶಗಳಲ್ಲಿ ಸಿಗುತ್ತದೆ, ಆದರೆ ಗರ್ಭದಲ್ಲಿರುವ ಮಗುವಿಗೆ ತೀವ್ರ ಹಾನಿ ಮಾಡುವುದರಿಂದ ಅದನ್ನು ತಿನ್ನುವಾಗ ಮತ್ತು ನಿಲ್ಲಿಸಿದ ಮೇಲೂ ಒಂದು ತಿಂಗಳು ಗರ್ಭ ಧರಿಸಲೇಬಾರದು. ದೀರ್ಘಕಾಲದ ಕೈ ಎಸ್ಜಿಮಾಗೆ ಅಂತಲೇ ಬಂದಿರುವ ಡೆಲ್ಗೊಸಿಟಿನಿಬ್ ಕ್ರೀಮ್‌ಗೆ ಯುರೋಪಿನಲ್ಲಿ 2024ರಲ್ಲಿ, ಅಮೆರಿಕದಲ್ಲಿ 2025ರಲ್ಲಿ ಒಪ್ಪಿಗೆ ಸಿಕ್ಕಿದೆ.

ಈಗ ಗುಳ್ಳೆ ಇದ್ದರೆ ಇವತ್ತೇ ಒಳ್ಳೆ ಬೆಳಕಿನಲ್ಲಿ ಎರಡೂ ಕೈಗಳ ಫೋಟೋ ತೆಗೆದಿಡಿ, ಬೆರಳಿನ ಪಕ್ಕದ್ದು ಹತ್ತಿರದಿಂದ. ಅಪಾಯಿಂಟ್‌ಮೆಂಟ್ ಸಿಗುವ ಹೊತ್ತಿಗೆ ಕೈ ವಾಸಿಯಾಗಿರುತ್ತದೆ, ಡಾಕ್ಟರ್‌ಗೆ ತೋರಿಸಲು ಏನೂ ಇರುವುದಿಲ್ಲ.