ಅಣ್ಣನ ಮಗ ‘ಇಲ್ಲಿ ಏನೂ ಕಲಿಸುತ್ತಿಲ್ಲ’ ಅಂತಾನೆ, ಏನು ಹೇಳಲಿ?

ದಾವಣಗೆರೆ–ಮಿಲ್ಟನ್ ಕೀನ್ಸ್:
ಎಲ್ಲರಿಗೂ ನಮಸ್ಕಾರ. ಅಣ್ಣನ ಮಗ ಸೆಪ್ಟೆಂಬರಿನಲ್ಲಿ ಡೇಟಾ ಸೈನ್ಸ್ ಎಂ.ಎಸ್ಸಿ. ಓದಲು ಇಲ್ಲಿ ಬ್ರಿಟನ್ನಿಗೆ ಬಂದಿದ್ದಾನೆ. ಯೂನಿವರ್ಸಿಟಿ ಹೆಸರು ಬೇಡ. ವಾರಕ್ಕೆ ಮೂರು ದಿನ ಕ್ಲಾಸು, ಅದೂ ಕೆಲವೇ ಗಂಟೆ. “ಅತ್ತೆ, ಸ್ಲೈಡ್ ಓದಿ ಹೋಗ್ತಾರೆ, ಏನೂ ಕಲಿಸಲ್ಲ, ಊರಲ್ಲೇ ಚೆನ್ನಾಗಿತ್ತು” ಅಂತ ಬೇಜಾರು ಮಾಡಿಕೊಂಡಿದ್ದಾನೆ. ಮೊದಲ ಅಸೈನ್‌ಮೆಂಟಿಗೆ 58 ಬಂದಿದೆ. ಗ್ರೂಪ್ ವರ್ಕ್ ಪೂರ್ತಿ ಇವನ ತಲೆ ಮೇಲೆ. ಅಣ್ಣ, ಅತ್ತಿಗೆ ಸೈಟ್ ಅಡ ಇಟ್ಟು ಲೋನ್ ತೆಗೆದಿದ್ದಾರೆ. ಅವರಿಗೆ ಏನು ಹೇಳಲಿ? ನನ್ನ ಮಗಳೂ ಈಗ ಇಯರ್ 12, ನಮ್ಮ ಮೊದಲ ಪಿಯುಸಿ ಇದ್ದ ಹಾಗೆ. ಇಲ್ಲಿನ ಪಾಠ ಚೆನ್ನಾಗಿದೆಯೋ ಇಲ್ಲವೋ ಅಂತ ತಿಳಿಯುವುದು ಹೇಗೆ?

ಹಾಸನ–ಲೀಡ್ಸ್ (ಯೂನಿವರ್ಸಿಟಿಯಲ್ಲಿ ಪಾಠ ಮಾಡುತ್ತೇನೆ):
ಅಕ್ಕಾ, ಮೊದಲು ಆ 58ರ ವಿಷಯ. ಇಲ್ಲಿ ಮಾಸ್ಟರ್ಸ್‌ಗೆ ಸಾಮಾನ್ಯವಾಗಿ ಪಾಸು 50, ಮೆರಿಟ್ 60, ಡಿಸ್ಟಿಂಕ್ಷನ್ 70. ಎಂಬತ್ತು ದಾಟುವುದು ಅಪರೂಪ. ಮೊದಲ ಬಾರಿಗೇ 58 ತೆಗೆದಿದ್ದಾನೆ ಅಂದರೆ ಹುಡುಗ ದಾರಿಯಲ್ಲೇ ಇದ್ದಾನೆ. ಅಣ್ಣನಿಗೆ ಇದನ್ನೇ ಮೊದಲು ಹೇಳಿ.

ಇನ್ನು ಕ್ಲಾಸು. ಮಾಸ್ಟರ್ಸ್ ಅಂದರೆ 180 ಕ್ರೆಡಿಟ್. ಒಂದು ಕ್ರೆಡಿಟ್‌ಗೆ 10 ಗಂಟೆ ಓದು ಅಂತ ಲೆಕ್ಕ, ಒಟ್ಟು 1,800 ಗಂಟೆ. ಕ್ಲಾಸಿನಲ್ಲಿ ಕೂರುವುದು ಅದರಲ್ಲಿ ಸಣ್ಣ ಪಾಲು. ಉಳಿದದ್ದು ರೀಡಿಂಗ್ ಲಿಸ್ಟ್, ಲ್ಯಾಬ್, ಕೊನೆಗೆ ಡಿಸರ್ಟೇಶನ್ ಅಂತ ದೊಡ್ಡ ಪ್ರಬಂಧ. ನಮ್ಮ ಕಡೆ ಮೇಷ್ಟ್ರು ನೋಟ್ಸ್ ಬರೆಸುತ್ತಾರೆ, ಹಳೆಯ ಪ್ರಶ್ನೆಪತ್ರಿಕೆ ನೋಡಿಕೊಂಡರೆ ಪರೀಕ್ಷೆ ಆಗುತ್ತದೆ. ಅಲ್ಲಿಂದ ಬಂದವನಿಗೆ ಇದು ಕಲಿಸದೇ ಬಿಟ್ಟ ಹಾಗೆ ಕಾಣುವುದು ಸಹಜ. ಈ ವ್ಯತ್ಯಾಸವನ್ನು ಮೊದಲ ವಾರದಲ್ಲೇ ಕೂರಿಸಿ ಹೇಳಬೇಕಿತ್ತು. ಬಹಳ ಕಡೆ ಹೇಳುವುದಿಲ್ಲ, ಅದು ನಮ್ಮ ಕಡೆಯ ತಪ್ಪೇ.

ಆದರೆ ಸ್ಲೈಡ್ ಓದಿ ಹೋಗುವುದು, ಮಾರ್ಕ್ಸ್ ಕೊಟ್ಟು ಯಾಕೆ ಅಂತ ಬರೆಯದೆ ಇರುವುದು, ಇದು ಬೇರೆ. ಅದನ್ನು ಸಹಿಸಬೇಕಾಗಿಲ್ಲ.

ಮಂಡ್ಯ–ಸ್ಲೌ:
ಸಿಹಿ ಮಾತು ಸಾಕು ಸರ್. ಇದು ಓದಲ್ಲ, ವೀಸಾ ವ್ಯಾಪಾರ. ಇಂಗ್ಲೆಂಡಿನ ಮಕ್ಕಳಿಗೆ ಡಿಗ್ರಿ ಫೀಸಿನ ಮಿತಿ 2012ರಲ್ಲಿ 9,000 ಪೌಂಡ್, 2017ರಲ್ಲಿ 9,250. ಆಮೇಲೆ 2025ರವರೆಗೂ ಏರಲೇ ಇಲ್ಲ. ಖರ್ಚು ಮಾತ್ರ ಏರಿತು. ಆ ಹಳ್ಳ ತುಂಬುವವರು ಯಾರು? ಈ ಮಿತಿ ಅನ್ವಯಿಸದ ನಮ್ಮ ಮಕ್ಕಳು. ಏಜೆಂಟಿಗೆ ಕಮಿಷನ್, ಯೂನಿವರ್ಸಿಟಿಗೆ ಫೀಸು, ಅಪ್ಪ ಅಮ್ಮನಿಗೆ ಸಾಲ. ಓದು ಮುಗಿದ ಮೇಲೆ ಇಲ್ಲೇ ಕೆಲಸ ಮಾಡಲು ಕೊಡುವ ಪಿಎಸ್‌ಡಬ್ಲ್ಯೂ ವೀಸಾ ಎರಡು ವರ್ಷ ಇದ್ದದ್ದು 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ 18 ತಿಂಗಳು. ನಾನಂತೂ ಊರಿನ ಎಲ್ಲರಿಗೂ ಹೇಳುತ್ತಿದ್ದೇನೆ, ಬರಬೇಡಿ.

ಉಡುಪಿ–ಕಾರ್ಡಿಫ್:
ನಾವು ಬಂದಾಗ ಏಜೆಂಟೂ ಇರಲಿಲ್ಲ, ವಾಟ್ಸಾಪೂ ಇರಲಿಲ್ಲ. ರಾತ್ರಿ ಡ್ಯೂಟಿ ಮುಗಿಸಿ ಲೈಬ್ರರಿಯಲ್ಲಿ ಕೂತು ಸರ್ಜನ್‌ಗಳ ಎಫ್‌ಆರ್‌ಸಿಎಸ್ ಪರೀಕ್ಷೆ ಪಾಸು ಮಾಡಿದೆವು. ನನ್ನ ಇಬ್ಬರು ಮಕ್ಕಳೂ ಇಲ್ಲೇ ಓದಿ ಕನ್ಸಲ್ಟೆಂಟ್ (ಹಿರಿಯ ತಜ್ಞ ವೈದ್ಯರು) ಆಗಿದ್ದಾರೆ. ಹುಡುಗನಿಗೆ ಲೈಬ್ರರಿಗೆ ಹೋಗಲು ಹೇಳಿ.

ಮಂಡ್ಯ–ಸ್ಲೌ:
ಡಾಕ್ಟ್ರೇ, ನೀವು ಬಂದಿದ್ದು ಸಂಬಳ ತಗೊಂಡು. ಇವರು ಬರುತ್ತಿರುವುದು ಸಾಲ ತಗೊಂಡು. ಎರಡೂ ಒಂದೇನಾ?

ಶಿವಮೊಗ್ಗ–ಶೆಫೀಲ್ಡ್:
ನಾನು ಹೋದ ವರ್ಷವಷ್ಟೇ ಮಾಸ್ಟರ್ಸ್ ಮುಗಿಸಿದವಳು. ಸ್ಲೌ ಅಣ್ಣ ಹೇಳಿದ ಸಾಲದ ಭಯ ನಿಜ. ವಾರಕ್ಕೆ 20 ಗಂಟೆ ಕೆಲಸ ಮಾಡಿ, ಬಸ್ಸಿನಲ್ಲಿ ನಿದ್ದೆ ಹೊಡೆದು ಕ್ಲಾಸಿಗೆ ಹೋದರೆ ಯಾವ ಪಾಠವೂ ತಲೆಗೆ ಹತ್ತುವುದಿಲ್ಲ. ನನ್ನ ಬ್ಯಾಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ನಮ್ಮವರೇ ಇದ್ದರು. ಇಲ್ಲಿನವರ ಜೊತೆ ಓದುತ್ತೇನೆ ಅಂದುಕೊಂಡು ಬಂದಿದ್ದೆ, ಅದು ಆಗಲಿಲ್ಲ.

ಆದರೂ ಓದು ಸುಳ್ಳಲ್ಲ. ನಾನು ಬರೆದದ್ದನ್ನು ಒಬ್ಬರು ಕೂತು ಓದಿ, “ಈ ಮಾತಿಗೆ ಆಧಾರ ಎಲ್ಲಿ” ಅಂತ ಪಕ್ಕದಲ್ಲಿ ಬರೆದು ಕೊಟ್ಟಿದ್ದು ಇಲ್ಲೇ ಮೊದಲು. ಮೇಷ್ಟ್ರನ್ನು ಹೋಗಿ ಕಾಣಲು ಆಫೀಸ್ ಅವರ್ಸ್ ಅಂತ ಇರುತ್ತದೆ, ನಮ್ಮ ಹುಡುಗರು ಸಂಕೋಚಕ್ಕೆ ಹೋಗುವುದೇ ಇಲ್ಲ. ತಮ್ಮನಿಗೆ ಹೇಳಿ, 58ರ ಫೀಡ್‌ಬ್ಯಾಕ್ ಪ್ರಿಂಟ್ ಮಾಡಿಕೊಂಡು ಹೋಗಿ “70 ಆಗಲು ಏನು ಬೇಕಿತ್ತು” ಅಂತ ಕೇಳಲಿ. ಅಲ್ಲಿಂದ ಮುಂದಕ್ಕೆ ಎಲ್ಲ ಬದಲಾಗುತ್ತದೆ.

ಧಾರವಾಡ–ಎಡಿನ್‌ಬರೋ:
ಅಕ್ಕಾರ, ಡಿಗ್ರಿ ಹ್ಯಾಂಗರ ಆಗತೈತಿ. ನನ್ನ ಮಗ ದೊಡ್ಡ ಯೂನಿವರ್ಸಿಟಿ ಮುಗಿಸ್ಯಾನ, ಚಲೋ ನೌಕರಿ ಐತಿ, ಅಜ್ಜಿ ಜೊತಿ ಮಾತಾಡಾಕ ಕನ್ನಡ ಬರೂದಿಲ್ಲ. ಮಗಳು ಹಾಸ್ಟೆಲ್‌ಗೆ ಹೋಗೂಕಿಂತ ಮೊದಲ ಮನ್ಯಾಗ ಕನ್ನಡ ಗಟ್ಟಿ ಮಾಡ್ರಿ.

ಮಂಡ್ಯ–ಸ್ಲೌ:
ನೋಡಿ, ಇದಕ್ಕೇ ನಾನು ಹೇಳೋದು, ಮಗಳನ್ನೂ ಬೆಂಗಳೂರಿಗೆ ಕಳಿಸಿ. ಭಾಷೆನೂ ಉಳಿಯುತ್ತೆ, ದುಡ್ಡೂ ಉಳಿಯುತ್ತೆ.

ಹಾಸನ–ಲೀಡ್ಸ್:
ಅಕ್ಕಾ, ನಿಮ್ಮ ಎರಡನೇ ಪ್ರಶ್ನೆ ಮುಳುಗಿ ಹೋಯಿತು, ಹೇಳಿಬಿಡುತ್ತೇನೆ. ರ‍್ಯಾಂಕಿಂಗ್ ನೋಡಿ ಪಾಠದ ಮಟ್ಟ ತಿಳಿಯುವುದಿಲ್ಲ. ಕ್ಯೂಎಸ್ ಪಟ್ಟಿಯಲ್ಲಿ ಶೇ. 30 ಅಂಕ ಬೇರೆ ಪ್ರಾಧ್ಯಾಪಕರ ನಡುವೆ ಆ ಸಂಸ್ಥೆಗೆ ಇರುವ ಹೆಸರಿಗೆ, ಶೇ. 20 ಸಂಶೋಧನೆಯ ಉಲ್ಲೇಖಗಳಿಗೆ. ಕ್ಲಾಸಿನ ಒಳಗೆ ಕೂತು ನೋಡಿದವರು ಯಾರೂ ಇಲ್ಲ. ಮಗಳಿಗೆ ನ್ಯಾಷನಲ್ ಸ್ಟೂಡೆಂಟ್ ಸರ್ವೆ ಇದೆ. ಡಿಗ್ರಿಯ ಕೊನೆಯ ವರ್ಷದ ಮಕ್ಕಳು ಪಾಠ, ಫೀಡ್‌ಬ್ಯಾಕ್ ಬಗ್ಗೆ ಹೇಳಿದ್ದು ಕೋರ್ಸುವಾರು ಸಿಗುತ್ತದೆ. ಅದನ್ನು ನೋಡಿ. ಪಾಠದ ಗುಣಮಟ್ಟಕ್ಕೆ ಯೂನಿವರ್ಸಿಟಿಗಳಿಗೆ ಕೊಡುವ ಟೆಫ್ ರೇಟಿಂಗಿನ ಗೋಲ್ಡ್, ಸಿಲ್ವರ್ ಕೂಡ ಡಿಗ್ರಿಗೆ ಮಾತ್ರ. ಯೂನಿವರ್ಸಿಟಿ ಗೋಲ್ಡ್ ಅಂತ ಏಜೆಂಟ್ ತೋರಿಸಿದರೆ ಮಾಸ್ಟರ್ಸ್‌ಗೆ ಅದು ಅನ್ವಯಿಸುವುದಿಲ್ಲ. ನಮ್ಮ ಮಕ್ಕಳು ಜಾಸ್ತಿ ಸೇರುವುದೇ ಮಾಸ್ಟರ್ಸ್‌ಗೆ, ಅಲ್ಲೇ ಮಾಹಿತಿ ಕಡಿಮೆ. ನನಗೆ ಸಿಟ್ಟು ಬರುವುದು ಇದಕ್ಕೆ.

ಹುಡುಗ ತಕ್ಷಣ ಮಾಡಬೇಕಾದ್ದು: ಗ್ರೂಪ್ ವರ್ಕಿನಲ್ಲಿ ಯಾರು ಏನು ಮಾಡಿದರು ಅಂತ ಬರೆದಿಟ್ಟು ಮಾಡ್ಯೂಲ್ ಲೀಡರ್‌ಗೆ, ಅಂದರೆ ಆ ವಿಷಯದ ಹೊಣೆ ಹೊತ್ತ ಮೇಷ್ಟ್ರಿಗೆ, ಈಗಲೇ ಮೇಲ್ ಹಾಕಲಿ. ಮಾರ್ಕ್ಸ್ ಬಂದ ಮೇಲೆ ಹೇಳಿದರೆ ಕೇಳುವವರು ಕಡಿಮೆ. ಪಾಠದ ದೂರು ಕೋರ್ಸ್ ರೆಪ್ (ಕ್ಲಾಸಿನ ವಿದ್ಯಾರ್ಥಿ ಪ್ರತಿನಿಧಿ) ಮೂಲಕ ಹೋಗಲಿ. ಅಲ್ಲೂ ಆಗದಿದ್ದರೆ ಯೂನಿವರ್ಸಿಟಿಗೆ ಲಿಖಿತ ದೂರು. ಅದರ ಎಲ್ಲ ಹಂತ ಮುಗಿದ ಮೇಲೆ ಇಂಗ್ಲೆಂಡ್, ವೇಲ್ಸ್‌ನಲ್ಲಿ ವಿದ್ಯಾರ್ಥಿಗಳ ದೂರು ನೋಡುವ ಓಐಎ ಎಂಬ ಸ್ವತಂತ್ರ ಸಂಸ್ಥೆ ಇದೆ. ವಿದ್ಯಾರ್ಥಿಗೆ ಖರ್ಚಿಲ್ಲ.

ಮಂಡ್ಯ–ಸ್ಲೌ:
ದೂರು ಕೊಟ್ಟರೆ ವೀಸಾಕ್ಕೆ ತೊಂದರೆ ಆದರೆ?

ಹಾಸನ–ಲೀಡ್ಸ್:
ಆಗುವುದಿಲ್ಲ ಸರ್. ದಯವಿಟ್ಟು ಈ ಭಯ ಹಬ್ಬಿಸಬೇಡಿ. ಇದರಿಂದಲೇ ಮಕ್ಕಳು ಬಾಯಿ ಬಿಡದೆ ಕೂರುತ್ತಾರೆ.

ದಾವಣಗೆರೆ–ಮಿಲ್ಟನ್ ಕೀನ್ಸ್:
ಲೀಡ್ಸ್ ಸರ್, ಶೆಫೀಲ್ಡ್ ತಂಗಿ, ತುಂಬಾ ಥ್ಯಾಂಕ್ಸ್. ಅಣ್ಣನಿಗೆ ಇವತ್ತೇ ಫೋನ್ ಮಾಡಿ 58ರ ಲೆಕ್ಕ ಹೇಳುತ್ತೇನೆ. ಮೇಲ್ ಬರೆಯುವಾಗ ಅವನ ಜೊತೆ ನಾನೂ ಕೂರುತ್ತೇನೆ. ಗ್ರೂಪಿನಲ್ಲಿ ಕೆಲಸ ಮಾಡದವರ ಹೆಸರು ಅದರಲ್ಲಿ ಹಾಕಬಹುದಾ ಸರ್? ಅವರೂ ನಮ್ಮ ಕಡೆಯ ಹುಡುಗರೇ, ಇವನಿಗೆ ಅದೇ ಸಂಕಟ.

ಹಾಸನ–ಲೀಡ್ಸ್:
ಹಾಕಲಿ. ಬೈಯುವುದು ಬೇಡ. ಯಾವ ತಾರೀಖು ಯಾರಿಗೆ ಯಾವ ಕೆಲಸ ಹಂಚಿತ್ತು, ಯಾವುದು ಬಂತು, ಯಾವುದು ಬರಲಿಲ್ಲ, ಅಷ್ಟೇ ಬರೆಯಲಿ.